ಅಣ್ಣನಿಗೆ ಕಲಿಸುವುದುಂಟೇ

ಸೀಲ್ ಚರ್ಮದ ಹಳೆಯ ಕೋಟು ಅಡುಗೆಮನೆಯ ಮೇಜಿನ ಮೇಲೆ ಹಲಗೆಯ ಹಾಗೆ ಬಿಗಿದುಕೊಂಡು ಬಿದ್ದಿತ್ತು. ಅದರ ಒಂದು ತೋಳು ಮುದುಕಿ ಬೊಲೆಟೆಯ ಕೈಯಲ್ಲಿ, ಇನ್ನೊಂದು ಉಲ್ಲೋರಿಯಾಕಳ ಕೈಯಲ್ಲಿ. ನಡುವೆ ಕರಗಿಸಿದ ಸೀಲ್ ಕೊಬ್ಬಿನ ಬಟ್ಟಲು. ಬೆರಳು ಅದ್ದುವುದು, ಹೊಲಿಗೆಯ ಗುಂಟ ತೀಡುವುದು, ಚರ್ಮವನ್ನು ಮುಷ್ಟಿಯಲ್ಲಿ ಹಿಡಿದು ಒದ್ದೆ ಬಟ್ಟೆಯಂತೆ ಹಿಂಡುವುದು, ಬಿಡಿಸಿ ಮತ್ತೆ ತೀಡುವುದು. ಒಲೆಯ ಮೇಲೆ ಕಾಫಿ ಕುದಿಕುದಿದು ಕಹಿಯಾಗುತ್ತಿದ್ದರೂ ಯಾರೂ ಏಳಲಿಲ್ಲ. ಕೊಬ್ಬು ಇಳಿದಲ್ಲೆಲ್ಲ ಚರ್ಮ ನಿಧಾನವಾಗಿ ಕಪ್ಪಾಗಿ, ಮೆತ್ತಗಾಗಿ, ಯಾರೋ ಮೈಮುರಿದು ಎದ್ದಂತೆ ಕಾಣತೊಡಗಿತು.

ಉಲ್ಲೋರಿಯಾಕ್ ತೀಡುತ್ತಲೇ ಕೋಟಿನ ಅಂಚನ್ನು ನೋಡುತ್ತಿದ್ದಳು. ನೋಡುವುದೇ ಅವಳ ಸ್ವಭಾವ. ಮಾತು ಕಡಿಮೆ ಇದ್ದವರಿಗೆ ಕಣ್ಣು ಹೆಚ್ಚು. ಒಬ್ಬರೇ ಕೂರುವ ಕಿರುದೋಣಿ ಕಯಾಕನ್ನು ನಡೆಸುವವರು ತೊಡುವ ಈ ಕೋಟನ್ನು ತುಯಿಲಿಕ್ ಎನ್ನುತ್ತಾರೆ. ಟೊಪ್ಪಿಗೆ ಮುಖವನ್ನು ಸುತ್ತಿ ಬಿಗಿಯುತ್ತದೆ, ತೋಳು ಮಣಿಕಟ್ಟನ್ನು. ಕೆಳಗಿನ ಅಂಚು ದೋಣಿಯ ಬಾಯಿಯ ಬಳೆಗೆ ಬಿಗಿದುಕೊಳ್ಳುತ್ತದೆ. ಆಮೇಲೆ ಮನುಷ್ಯನೂ ದೋಣಿಯೂ ಒಂದೇ ಪ್ರಾಣಿ. ಊರಿನ ಕಯಾಕ್ ಕ್ಲಬ್ಬಿನ ರಬ್ಬರ್ ಕೋಟುಗಳಿಗೆ ಹೊಟ್ಟೆಯ ಮುಂದೆ ಒಂದು ಕೆಂಪು ಕುಣಿಕೆ ಇರುತ್ತದೆ. ದೋಣಿ ಮಗುಚಿದರೆ ಅದನ್ನು ಎಳೆಯಬೇಕು. ಅಂಚು ಕಳಚಿ ಮನುಷ್ಯ ಹೊರಗೆ ಜಾರುತ್ತಾನೆ. ಈ ಕೋಟಿಗೆ ಕುಣಿಕೆ ಇರಲಿಲ್ಲ. ಬರೀ ಚರ್ಮದ ದಾರ, ಬಿಗಿದು ಗಂಟು ಹಾಕುವುದಕ್ಕೆ. ಇದನ್ನು ತೊಡುತ್ತಿದ್ದವನಿಗೆ ದೋಣಿಯಿಂದ ಹೊರಗೆ ಬರುವ ಯೋಚನೆಯೇ ಇರಲಿಲ್ಲ.

ಕುಣಿಕೆ ಯಾಕಿಲ್ಲ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

"ರೀ," ಅಂದಳು ಬೊಲೆಟೆ ಕೊನೆಗೆ, ತೋಳನ್ನು ಎತ್ತಿ ಹಿಡಿದು, "ಸ್ವಲ್ಪ ಕೈ ಚಾಚಿ. ಉದ್ದ ಆಯ್ತಲ್ಲ. ಈ ಸಲ ನೀವು ಗಿಡ್ಡ ಬಂದಿದೀರಿ."

ಗ್ರೀನ್‌ಲ್ಯಾಂಡಿನ ಪಡುವಣ ಕರೆಯ ಆ ಪುಟ್ಟ ಊರಿನಲ್ಲಿ ಈ ಮಾತಿಗೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಸತ್ತವರ ಹೆಸರನ್ನು ಆಮೇಲೆ ಹುಟ್ಟಿದ ಕೂಸಿಗೆ ಇಡುವುದು, ಹೆಸರಿನ ಹಿಂದೆಯೇ ನಂಟೂ ನಡೆದು ಬರುವುದು ಅಲ್ಲಿ ಗಾಳಿ ನೀರಿನಷ್ಟು ಸಹಜ. ಬೊಲೆಟೆಯ ಗಂಡ ದೊಡ್ಡ ಉಲ್ಲೋರಿಯಾಕ್ ಕಯಾಕಿನಲ್ಲೇ ಮುದುಕನಾದವನು; ಒಂದು ಚಳಿಗಾಲದಲ್ಲಿ ಆಸ್ಪತ್ರೆಯ ಮಂಚದ ಮೇಲೆ, ಒಣ ಹಾಸಿಗೆಯಲ್ಲಿ ತೀರಿಹೋದ. ಹಿಮ ಕರಗುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಬೊಲೆಟೆ ಒಂದು ಕೇಕು ಹಿಡಿದುಕೊಂಡು ಹೋಗಿ ತೊಟ್ಟಿಲಿಗೆ ಬಗ್ಗಿ, "ಬಂದ್ರಾ? ಎಷ್ಟು ಕಾಯಿಸಿದ್ರಿ!" ಅಂದಳಂತೆ. ಅಂದಿನಿಂದ ಆ ಕೂಸು ಅವಳಿಗೆ "ರೀ". ದೊಡ್ಡವನ ತಮ್ಮ ಎನೋಕನಿಗೆ "ಅಣ್ಣ". ಮಾತು ಬಂದ ಮೇಲೆ ಕೂಸೂ ಆ ಬೆಟ್ಟದಂಥ ಗಂಡಸನ್ನು "ತಮ್ಮಾ" ಎಂದು ಕರೆಯಲು ಕಲಿಯಿತು. ಅವನ ಹೆಗಲ ಮೇಲೆ ಕೂತು "ತಮ್ಮಾ, ನಡಿ" ಅಂದರೆ ಅವನು ನಡೆಯುತ್ತಿದ್ದ. "ತಮ್ಮಾ, ಮೀನು" ಅಂದರೆ ಒಣಮೀನಿನ ಮೆತ್ತನೆಯ ತುಂಡನ್ನೇ ಹುಡುಕಿ ಕೊಡುತ್ತಿದ್ದ.

ಆಗ ಅದು ಆಟವಾಗಿತ್ತು. ಉಲ್ಲೋರಿಯಾಕ್ ದೊಡ್ಡವಳಾದಳು. ಮುಂದಿನ ಓದಿಗೆ ದೂರದ ಊರಿನ ಹಾಸ್ಟೆಲಿಗೆ ಹೋದವಳು ಗುರುತಿಲ್ಲದವರ ನಡುವೆ ಬಾಯಿ ತೆರೆಯಲಾಗದೆ ಮೊದಲ ಚಳಿಗಾಲಕ್ಕೇ ಹಿಂತಿರುಗಿದಳು. ಈಗ ಮೀನು ಕಾರ್ಖಾನೆಯಲ್ಲಿ ಮೀನು ಸೀಳುವ ಕೆಲಸ. ಊರಿನವರ ಕಣ್ಣಿಗೆ ಅವಳು ಓದು ಬಿಟ್ಟ ಮೂಕಿ. ಆದರೆ ಬೊಲೆಟೆಯ ಅಡುಗೆಮನೆಯಲ್ಲೂ ಎನೋಕನ ದೋಣಿಮನೆಯಲ್ಲೂ ಅವಳು ಇನ್ನೂ ಆ ದೊಡ್ಡ ಮನುಷ್ಯನೇ. ಬೇರೆಲ್ಲೂ ಸಿಗದ ಮರ್ಯಾದೆ ಅದು. ಅದನ್ನು ಕಳೆದುಕೊಳ್ಳುವುದೆಂದರೆ ಚಳಿಯಲ್ಲಿ ಚರ್ಮ ಸುಲಿಸಿಕೊಂಡಂತೆ.

ಅದಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ.

*

ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುವವನು ಎನೋಕ್. ಬೇಸಿಗೆಯ ಮೊದಲಲ್ಲಿ ಕಲಿಕೆ, ಕೊನೆಗೆ ಪರೀಕ್ಷೆ. ಪಾಸಾದವರಿಗೆ ದೋಣಿಮನೆಯ ಗೋಡೆಯ ಗೂಟಗಳ ಮೇಲೆ ಸ್ವಂತ ಜಾಗ ಸಿಗುತ್ತದೆ. ಹಿರಿಯರಿಲ್ಲದೆ ಕೊಲ್ಲಿ ದಾಟಿ ಹೋಗಬಹುದು. ಆ ಗೂಟಗಳಲ್ಲಿ ಬಾಗಿಲ ಪಕ್ಕದ ಜೋಡಿ ಬಹಳ ವರ್ಷಗಳಿಂದ ಖಾಲಿ. ಅದು ದೊಡ್ಡ ಉಲ್ಲೋರಿಯಾಕನ ಜಾಗ. ಅಲ್ಲಿ ಯಾರೂ ದೋಣಿ ಇಡುತ್ತಿರಲಿಲ್ಲ, ಒದ್ದೆ ಕೈಗವಸು ಕೂಡ ನೇತುಹಾಕುತ್ತಿರಲಿಲ್ಲ.

ಈ ವರ್ಷ ಹೊಸಬರು ಮೂವರು. ಉಲ್ಲೋರಿಯಾಕ್, ಕಾರ್ಖಾನೆಯಲ್ಲಿ ಅವಳ ಪಕ್ಕದ ಮೇಜಿನಲ್ಲಿ ನಿಲ್ಲುವ, ನಕ್ಕರೆ ಗೋಡೆಯಾಚೆ ಕೇಳಿಸುವ ಗೆಳತಿ ನಾಸು, ಮತ್ತು ಮೋಟಾರು ದೋಣಿಯಲ್ಲಿ ಮೀನು ಹಿಡಿಯುವ ಪಾವಿಯಾ. ಪಾವಿಯಾನ ನಾಲಿಗೆ ಅವನ ಗಾಳಕ್ಕಿಂತ ಚೂಪು.

ಎನೋಕನ ಕಲಿಸುವಿಕೆ ಬೈಗುಳದಿಂದಲೇ ಶುರು. ಸೊಂಟದವರೆಗಿನ ನೀರಿನಲ್ಲಿ ನಿಂತು, ದೋಣಿಯ ಅಂಚು ಹಿಡಿದು, ಹೇಳದೆ ಕೇಳದೆ ಮಗುಚಿಬಿಡುತ್ತಿದ್ದ. ತಲೆಕೆಳಗಾದವರು ದೋಣಿಯ ತಳಕ್ಕೆ ಅಂಗೈಯಿಂದ ಮೂರು ಸಲ ಬಡಿಯಬೇಕು: ನಾನು ಏಳಲಾರೆ, ಬನ್ನಿ ಎಂದು ಅರ್ಥ. ಬಡಿದು, ಕೈಯನ್ನು ನೀರಿನ ಮೇಲೆ ಹಿಂದೆ ಮುಂದೆ ಆಡಿಸುತ್ತ ಕಾಯಬೇಕು. ಜೊತೆಗಾರ ತನ್ನ ದೋಣಿಯ ಮೂತಿಯನ್ನು ಆ ಕೈಗೆ ತಂದು ಕೊಡುತ್ತಾನೆ. ಅದನ್ನು ಹಿಡಿದು ಸೊಂಟ ತಿರುಗಿಸಿ ಮೇಲೇಳಬೇಕು. ಅದೂ ಆಗದಿದ್ದರೆ ಕುಣಿಕೆ ಎಳೆದು ಹೊರಗೆ ಬರಬೇಕು. ಬಡಿಯದಿದ್ದರೆ ಯಾರೂ ಹತ್ತಿರ ಬರುವುದಿಲ್ಲ. ಬಡಿಯದವನು ತಾನೇ ಉರುಳಿ ಏಳುತ್ತಾನೆ, ಅವನ ಹುಟ್ಟಿಗೆ ಅಡ್ಡ ಹೋಗಬಾರದು.

"ಬಡಿಯೇ ಅಂದ್ರೆ ಡೋಲು ಬಾರಿಸ್ತೀಯಲ್ಲೇ!" ಎಂದು ನಾಸುವಿಗೆ ಕಿರುಚುತ್ತಿದ್ದ. "ಸೀಲ್ ಮರಿಗೆ ನಿನಗಿಂತ ಬುದ್ಧಿ ಇದೆ. ಮತ್ತೆ!"

ನಾಸು ಮೂಗಿನಿಂದ ಉಪ್ಪುನೀರು ಸುರಿಸುತ್ತ, "ಅಜ್ಜಾ, ಸತ್ತೋದೆ!" ಎನ್ನುತ್ತಿದ್ದಳು.

"ಸತ್ತವರು ಇಷ್ಟು ಗಲಾಟೆ ಮಾಡಲ್ಲ. ಮತ್ತೆ!"

ಪಾವಿಯಾನನ್ನು ಮಗುಚಿದ, ಬೈದ, ಮತ್ತೆ ಮಗುಚಿದ. ಆಮೇಲೆ ಉಲ್ಲೋರಿಯಾಕಳ ಸರದಿ. ಹುಟ್ಟು ಹಾಕುವುದು ಅವಳಿಗೆ ಇಷ್ಟ; ಮೊಣಕೈಯ ಪಕ್ಕದಲ್ಲೇ ನೀರು ಸರಿದು ಹೋಗುವುದು, ಶಬ್ದವಿಲ್ಲದೆ ಹಕ್ಕಿಗಳ ಹತ್ತಿರ ಹೋಗುವುದು. ಆದರೆ ತಲೆ ಮುಳುಗುವುದೆಂದರೆ ಜೀವ ಹಾರುತ್ತಿತ್ತು. ಎನೋಕ್ ಬಂದ, ದೋಣಿಯ ಅಂಚಿನ ಮೇಲೆ ಕೈಯಿಟ್ಟ. ಒಂದು ಗಳಿಗೆ ಹಾಗೇ ನಿಂತ. ಅವನ ಕೆಂಪು ಕಿವಿ ಇನ್ನಷ್ಟು ಕೆಂಪಾಯಿತು.

"ಬೇಡ," ಅಂದ. "ನನ್ನ ತಲೆ ಹಿಡಿದು ನೀರಿಗೆ ಅದ್ದಿ ಅದ್ದಿ ಕಲಿಸಿದವನು ಇವನು. ಅಣ್ಣನಿಗೆ ಕಲಿಸೋದುಂಟಾ? ಅಣ್ಣಾ, ನೀನು ಹಾಗೇ ಒಂದು ಸುತ್ತು ಹೋಗಿ ಬಾ."

ಅವಳಿಗೆ ಹೊರೆ ಇಳಿಸಿದಷ್ಟು ಹಗುರವಾಯಿತು. ಒಂದು ಸುತ್ತು ಹೋಗಿ ಬಂದಳು. ಎನೋಕ್ ಕಣ್ಣು ಕಿರಿದು ಮಾಡಿ ನೋಡಿ, "ಅದೇ ಬೀಸು, ಅದೇ ಭುಜ," ಎಂದು ತನ್ನಷ್ಟಕ್ಕೇ ಅಂದುಕೊಂಡ.

ಆ ಹಗುರ ಹೆಚ್ಚು ದಿನ ಉಳಿಯಲಿಲ್ಲ. ಪ್ರತಿ ಸಲ ನಾಸು ನೀಲಿ ತುಟಿಯಲ್ಲಿ ಕೆಮ್ಮುತ್ತ ಮೇಲೆ ಬಂದಾಗ, ಒಣ ಕೂದಲಲ್ಲಿ ಪಕ್ಕದಲ್ಲಿ ಕೂತಿರುವುದು ಉಲ್ಲೋರಿಯಾಕಳಿಗೆ ಕಳ್ಳತನದಂತೆ ಅನ್ನಿಸತೊಡಗಿತು. ಮನೆಯಲ್ಲಿ ಯಾರೂ ಇಲ್ಲದಾಗ ಬೋಗುಣಿಗೆ ತಣ್ಣೀರು ತುಂಬಿ ಮುಖ ಅದ್ದಿ ನೋಡಿದಳು. ಕಿವಿಗೆ ನೀರು ತಾಗುತ್ತಲೇ ತಲೆ ತಾನಾಗಿ ಮೇಲೆ ಬಂತು. ಮತ್ತೆ ಅದ್ದಿದಳು, ಮತ್ತೆ ಬಂತು. ನೆಲ ಒರೆಸಿ, ಬೋಗುಣಿಯನ್ನು ಇದ್ದಲ್ಲೇ ಇಟ್ಟು, ಅಮ್ಮ ಬಂದಾಗ ಏನೂ ಆಗದವಳಂತೆ ಕೂತಳು.

*

ಪರೀಕ್ಷೆಯ ದಿನ ಗಾಳಿ ಇರಲಿಲ್ಲ. ಕೊಲ್ಲಿಯಲ್ಲಿ ಮಂಜುಗಡ್ಡೆಯ ಚೂರುಗಳು ಅಲ್ಲೊಂದು ಇಲ್ಲೊಂದು ತೇಲುತ್ತಿದ್ದವು. ದಡದ ಬಂಡೆಗಳ ಮೇಲೆ ಊರಿನ ಹೆಂಗಸರು ಕಾಫಿ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದರು. ಬೊಲೆಟೆ ಎಲ್ಲರಿಗಿಂತ ಮುಂದೆ, ಹಬ್ಬಕ್ಕೆ ತೊಡುವ ಮಣಿಯ ಕೊರಳಪಟ್ಟಿ ಹಾಕಿಕೊಂಡು. ಹದವಾದ ಕೋಟನ್ನು ಅಂದು ಬೆಳಿಗ್ಗೆ ಅವಳೇ ಉಲ್ಲೋರಿಯಾಕಳಿಗೆ ತೊಡಿಸಿ, ಅಂಚನ್ನು ಬಳೆಗೆ ಬಿಗಿದು, ತನ್ನ ಗಂಡನಿಗೆ ಹಾಕುತ್ತಿದ್ದ ಗಂಟನ್ನೇ ಹಾಕಿದ್ದಳು.

ಪರೀಕ್ಷಿಸುವವನು ಮೊದಲು ನೋಡಬೇಕಾದದ್ದು ಕೋಟಿನ ಕುಣಿಕೆ. ಎನೋಕ್ ನಾಸುವಿನ ಕುಣಿಕೆಯನ್ನು ಜಗ್ಗಿ ನೋಡಿದ, ಪಾವಿಯಾನದನ್ನೂ ಜಗ್ಗಿದ. ಉಲ್ಲೋರಿಯಾಕಳ ಎದುರು ಬಂದಾಗ ಅವನಿಗೆ ಕಂಡದ್ದು ಕುಣಿಕೆಯಲ್ಲ, ಕೋಟು. ಅದರ ಟೊಪ್ಪಿಗೆಯ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿದ. "ವಾಸನೆ ಕೂಡ ಅದೇ," ಅಂದ. ಕಣ್ಣೊರೆಸಿಕೊಂಡು ತನ್ನ ಕಯಾಕಿನಲ್ಲಿ ಕೂತು ಹೊರಟುಬಿಟ್ಟ.

ಮೂವರೂ ಗುರುತಿನ ಬಂಡೆಯ ಸುತ್ತ ಹೋಗಿ ಬಂದರು. ಅಡ್ಡಕ್ಕೆ ಸರಿದರು, ಹಿಂದಕ್ಕೆ ಹುಟ್ಟು ಹಾಕಿದರು. ನಾಸು ಮಗುಚಿಕೊಂಡಳು, ಮೂರು ಬಡಿತ, ಸ್ಪಷ್ಟವಾಗಿ. ಉಲ್ಲೋರಿಯಾಕ್ ತನ್ನ ದೋಣಿಯ ಮೂತಿಯನ್ನು ಅವಳ ಕೈಗೆ ಕೊಟ್ಟಳು. ನಾಸು ಎದ್ದಳು, ದಡದಲ್ಲಿ ಚಪ್ಪಾಳೆ. ಪಾವಿಯಾ ಮಗುಚಿ ಎದ್ದು ಟೋಪಿ ಎತ್ತಿದಂತೆ ನಟಿಸಿದ, ನಗು.

ಉಳಿದದ್ದು ಒಬ್ಬಳೇ. ಉಲ್ಲೋರಿಯಾಕ್ ಉಸಿರು ತುಂಬಿಕೊಂಡಳು. ಇವತ್ತಾದರೂ ಆಗಿಹೋಗಲಿ, ಎಲ್ಲರ ಎದುರಿಗೇ ಆಗಲಿ ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಒಳಗೊಳಗೆ ಬೇಡಿಕೊಳ್ಳುತ್ತಲೂ ಇದ್ದಳು.

ಎನೋಕ್ ಕೈ ಎತ್ತಿದ. "ಸಾಕು. ಅಣ್ಣಂದು ಮುಗೀತು."

"ಸತ್ತು ಬಂದವರಿಗೆ ಪರೀಕ್ಷೆ ಇಲ್ಲಪ್ಪಾ!" ಎಂದ ಪಾವಿಯಾ. "ಗೊತ್ತಿದ್ದಿದ್ರೆ ನಾನೂ ಒಂದ್ಸಲ ಸತ್ತು ಬರ್ತಿದ್ದೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗು ಆಮೇಲೆ ಎಷ್ಟೋ ದಿನ ಅವಳ ಬಾಯಲ್ಲಿ ಹುಳಿಯಾಗಿ ಉಳಿಯಿತು.

ಮಧ್ಯಾಹ್ನ ಬೊಲೆಟೆಯ ಮನೆಯಲ್ಲಿ ಕಾಫಿಕೂಟ. ಊರಿಗೆ ಊರೇ ಸರದಿಯಂತೆ ಬಂದು, ಬಾಗಿಲಲ್ಲಿ ಬೂಟು ಕಳಚಿ, ಕೇಕು ತಿಂದು ಹೋಯಿತು. ಬಂದವರೆಲ್ಲ ಉಲ್ಲೋರಿಯಾಕಳ ಕೈ ಕುಲುಕಿದರು. ಆಮೇಲೆ ಎನೋಕ್ ಅವಳ ಕಯಾಕನ್ನು ಹೆಗಲ ಮೇಲೆ ಹೊತ್ತು ದೋಣಿಮನೆಗೆ ತಂದ. ಬಾಗಿಲ ಪಕ್ಕದ ಖಾಲಿ ಗೂಟಗಳ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. ದೋಣಿಯನ್ನು ಅಲ್ಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಅಷ್ಟು ವರ್ಷದ ಮೇಲೆ ಆ ಮನುಷ್ಯ ಉಸಿರು ಬಿಟ್ಟಂತೆ ಕಂಡಿತು. ಅಂಥ ಮುಖದ ಎದುರು ನಿಂತು ಹೇಳುವುದಾದರೂ ಹೇಗೆ?

ಹೊರಗೆ ಬರುವಾಗ ನಾಸು ಕಿವಿಯಲ್ಲಿ ಕೇಳಿದಳು, "ನಿಜ ಹೇಳೇ. ನೀನು ಒಂದ್ಸಲಾನೂ ಮುಳುಗಿಲ್ವಲ್ಲ. ಬರುತ್ತಾ ನಿಂಗೆ?"

"ಅವನೇ ಬೇಡ ಅಂದ," ಎಂದಳು ಉಲ್ಲೋರಿಯಾಕ್.

ಸುಳ್ಳಲ್ಲದ ಆ ಮಾತು ಸುಳ್ಳಿಗಿಂತ ಚೆನ್ನಾಗಿ ಕೆಲಸ ಮಾಡಿತು. ನಾಸು ತಲೆಯಾಡಿಸಿ ನಂಬಿದಳು.

*

ಮುಂದಿನ ಭಾನುವಾರ, ಚರ್ಚು ಬಿಟ್ಟ ಮೇಲೆ ಉಲ್ಲೋರಿಯಾಕಳೂ ನಾಸುವೂ ಹಿರಿಯರಿಲ್ಲದೆ ಹೊರಟರು. ಬೊಲೆಟೆ ಮತ್ತೆ ಅದೇ ಗಂಟು ಬಿಗಿದಳು. "ರೀ, ಊಟಕ್ಕೆ ಬಂದ್ಬಿಡಿ, ಸೀಲ್ ಸಾರು ಮಾಡ್ತೀನಿ," ಎಂದು ದಡದಿಂದ ಕೂಗಿದಳು. ಹಕ್ಕಿಗುಡ್ಡದ ಆಚೆಗೆ ಹೋಗುತ್ತಿದ್ದಂತೆ ನೀರಿನ ಬಣ್ಣ ಬದಲಾಯಿತು. ದೂರದಲ್ಲಿ, ನೆಲ ಕಚ್ಚಿ ನಿಂತಿದ್ದ ಮನೆಯಷ್ಟು ಮಂಜುಗಡ್ಡೆಯೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ನಿಧಾನವಾಗಿ ಹೊರಳಿತು. ಹತ್ತಿರ ಹೋಗಬಾರದೆಂದು ಇಬ್ಬರಿಗೂ ಗೊತ್ತಿತ್ತು, ಹೋಗಿರಲೂ ಇಲ್ಲ. ಆದರೆ ಅಲೆ ಬಂತು. ದೊಡ್ಡದೇನಲ್ಲ, ಉದ್ದನೆಯ, ಮೆತ್ತನೆಯ ಅಲೆ. ನಾಸು ಅದರತ್ತ ಮೂತಿ ತಿರುಗಿಸಿ ಸಲೀಸಾಗಿ ಹತ್ತಿಳಿದಳು. ಉಲ್ಲೋರಿಯಾಕ್ ಹೆದರಿ ಅಲೆಯಿಂದ ಆಚೆಗೆ ವಾಲಿದಳು. ಅಷ್ಟೇ ಸಾಕಾಯಿತು.

ತಲೆಯ ಸುತ್ತ ಹಸಿರು ಕತ್ತಲು. ಹಣೆಗೆ ಕಬ್ಬಿಣದ ಪಟ್ಟಿ ಬಿಗಿದಂಥ ಚಳಿ. ಕೈ ಹೊಟ್ಟೆಯ ಮುಂದೆ ಕುಣಿಕೆ ಹುಡುಕಿತು. ಇಲ್ಲವೆಂದು ಕೊಬ್ಬು ತೀಡುವಾಗಲೇ ನೋಡಿದ್ದಳು, ಗೊತ್ತಿದ್ದೂ ಹುಡುಕಿದಳು. ಬಡಿಯಬೇಕೆಂಬುದು ನೆನಪಿಗೆ ಬರಲಿಲ್ಲ. ಬಡಿತ ಕಲಿಯುವುದು ತಲೆಯಿಂದಲ್ಲ, ಬೈಗುಳ ತಿಂದು ತಿಂದು ಅಂಗೈಯಿಂದ. ಅವಳ ಅಂಗೈಗೆ ಏನೂ ಗೊತ್ತಿರಲಿಲ್ಲ. ಗಂಟನ್ನು ಪರಚಿದಳು. ನೆನೆದ ಚರ್ಮದ ಗಂಟು ಇನ್ನಷ್ಟು ಬಿಗಿಯಾಯಿತು. ತೊಡೆಗಳ ನಡುವೆ ಬೆಚ್ಚಗೆ ಏನೋ ಹರಿದದ್ದು ಮಾತ್ರ ಸ್ಪಷ್ಟವಾಗಿ ತಿಳಿಯಿತು.

ಮೇಲೆ ನಾಸು ಕಾಯುತ್ತಿದ್ದಳು. ಬಡಿತ ಕೇಳಲಿಲ್ಲ. ಬಡಿಯದವರ ಹತ್ತಿರ ಹೋಗಬಾರದು. ಅದರಲ್ಲೂ ಇವಳು ಉಲ್ಲೋರಿಯಾಕ್. "ಸಾಕು ಶೋಕಿ, ಏಳೇ!" ಎಂದು ನಗುತ್ತ ಕೂತಿದ್ದಳು. ಹುಟ್ಟು ಒಂಟಿಯಾಗಿ ತೇಲಿ ಬಂದಾಗ ನಗು ನಿಂತಿತು. ಒಂದು ಕೈ ನೀರಿನ ಮೇಲೆ ಬಂದು ದೋಣಿಯ ತಳವನ್ನು ಉಗುರಿನಿಂದ ಕೆರೆದಾಗ ಅವಳು ಚೀರಿಕೊಂಡು ಹುಟ್ಟು ಹಾಕಿದಳು.

ಮೂತಿ ಕೈಗೆ ತಾಗಿತು. ಉಲ್ಲೋರಿಯಾಕ್ ಅದನ್ನು ತಬ್ಬಿಕೊಂಡು ಹೇಗೋ ಮೇಲೆ ಬಂದಳು. ಆಮೇಲೆ ಬಿಡಲಿಲ್ಲ. ನಾಸು ಬಿಡು ಎಂದರೂ ಬಿಡಲಿಲ್ಲ. ಉಪ್ಪುನೀರು ಕಕ್ಕುತ್ತ, ಬೇರೆಯವಳ ದೋಣಿಯ ಮೂತಿಗೆ ಕೆನ್ನೆ ಆನಿಸಿ ಬಿದ್ದುಕೊಂಡಳು. ಗುಡ್ಡದ ಪಕ್ಕದಲ್ಲಿ ಗಾಳ ಬಿಟ್ಟು ಕೂತಿದ್ದ ಪಾವಿಯಾ ಚೀರಾಟ ಕೇಳಿ ಮೋಟಾರು ಹಾಕಿಕೊಂಡು ಬಂದ. ಚೂರಿಯಿಂದ ಗಂಟು ಕೊಯ್ದು ಅವಳನ್ನು ಎಳೆದು ತನ್ನ ದೋಣಿಗೆ ಹಾಕಿಕೊಂಡ. ಕೋಟಿನಿಂದ ಇಳಿದ ನೀರಿನ ವಾಸನೆ ಅವನಿಗೂ ಬಂದಿರಬೇಕು. ಅವನು ತನ್ನ ಅಂಗಿ ಬಿಚ್ಚಿ ಅವಳ ಕಾಲ ಮೇಲೆ ಹೊದೆಸಿ ಬೇರೆ ಕಡೆ ನೋಡಿದ. ಯಾರನ್ನೂ ಬಿಡದ ಆ ನಾಲಿಗೆ ದಡದವರೆಗೂ ಒಂದು ಮಾತೂ ಆಡಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಜೆಟ್ಟಿಯ ಮೇಲೆ ಭಾನುವಾರದ ಜನವೆಲ್ಲ ಸೇರಿತ್ತು. ಎನೋಕ್ ಓಡಿ ಬಂದ, ಟೋಪಿ ಬಿದ್ದದ್ದೂ ತಿಳಿಯದೆ. "ಅಣ್ಣಾ! ಅಣ್ಣಾ!" ಎಂದು ಎಲ್ಲರ ಎದುರು ಕೂಗುತ್ತ ಮಂಡಿಯೂರಿದ. ಅವನ ಕೈ ತಾನಾಗಿ ಕೋಟಿನ ಹೊಟ್ಟೆಯ ಮೇಲೆ ಹೋಯಿತು, ಕುಣಿಕೆ ಇರಬೇಕಾದ ಜಾಗಕ್ಕೆ. ಅಲ್ಲಿ ತಡಕಾಡಿತು. ಅಲ್ಲೇ ನಿಂತಿತು.

ಆ ಕೈಯನ್ನು ನೋಡುತ್ತ ಉಲ್ಲೋರಿಯಾಕ್ ಹಿಡಿಯಷ್ಟಾದಳು.

*

ಊರು ಚಿಕ್ಕದಾದರೆ ಮಾತಿಗೆ ದಾರಿ ಹತ್ತಿರ. "ಕಲಿಸದೆ ಪಾಸು ಮಾಡಿದ್ನಂತೆ," ಎಂದರು ಅಂಗಡಿಯಲ್ಲಿ. "ಕೋಟು ಕೂಡ ನೋಡ್ಲಿಲ್ವಂತೆ," ಎಂದರು ಕಾರ್ಖಾನೆಯಲ್ಲಿ. "ವಯಸ್ಸಾಯ್ತು ಬಿಡಿ." ಒಬ್ಬರೂ ಉಲ್ಲೋರಿಯಾಕಳನ್ನು ಬೈಯಲಿಲ್ಲ. ಎನೋಕ್ ಕ್ಲಬ್ಬಿಗೆ ಹೋಗಿ ಕೊರಳಿನ ಸೀಟಿಯನ್ನು ತೆಗೆದು ಮೊಳೆಗೆ ನೇತುಹಾಕಿದನಂತೆ. "ತಪ್ಪು ನಂದು. ಇನ್ನು ಬೇರೆಯವರು ನೋಡ್ಕೊಳ್ಳಿ," ಎಂದಷ್ಟೇ ಹೇಳಿ ಬಂದನಂತೆ.

ನಾಸು ಪಕ್ಕದಲ್ಲೇ ನಿಂತು ಮೀನು ಸೀಳುತ್ತಿದ್ದಳು. ಕೊನೆಗೆ ಚೂರಿ ಕೆಳಗಿಟ್ಟಳು.

"ಬರಲ್ಲ ಅಂತ ಒಂದು ಮಾತು ಅಂದಿದ್ರೆ ಏನಾಗ್ತಿತ್ತೇ?"

"ಗೊತ್ತು. ನನ್ನದೇ ತಪ್ಪು."

"ಇಲ್ಲ, ನಿಂಗೆ ಗೊತ್ತಿಲ್ಲ. ನೀನು ಕೆಳಗೆ ಸಾಯ್ತಿದ್ದೆ, ನಾನು ಮೇಲೆ ಕೂತ್ಕೊಂಡು ನಗ್ತಿದ್ದೆ. ಅದನ್ನ ನಾನೆಲ್ಲಿ ಇಟ್ಕೊಳ್ಳಲಿ ಹೇಳು?"

ಉಲ್ಲೋರಿಯಾಕ್ ಮೀನಿನ ಹೊಟ್ಟೆಯೊಳಗೆ ಕೈ ಹಾಕಿ ಕೆಲಸ ಮುಂದುವರಿಸಿದಳು.

ಸಂಜೆ ಬೊಲೆಟೆಯ ಮನೆಗೆ ಹೋದಾಗ ಕೋಟು ತೊಳೆದು ಹಗ್ಗದ ಮೇಲಿತ್ತು. ತೊಳೆದವಳಿಗೆ ತಿಳಿಯದೇ ಇರುತ್ತದೆಯೇ? ಉಲ್ಲೋರಿಯಾಕ್ ಬಾಗಿಲಲ್ಲೇ ನಿಂತುಬಿಟ್ಟಳು, ಕಿವಿಯವರೆಗೆ ಬಿಸಿಯಾಗಿ.

"ಒಳಗೆ ಬನ್ನಿ ರೀ," ಅಂದಳು ಬೊಲೆಟೆ. "ಅದಕ್ಕೆಲ್ಲ ಯಾಕೆ ತಲೆ ತಗ್ಗಿಸ್ತೀರಿ? ನಮ್ಮಮ್ಮನ ಕಾಲದಲ್ಲಿ ಚರ್ಮ ಹದ ಮಾಡ್ತಿದ್ದದ್ದೇ ಉಚ್ಚೆಯಲ್ಲಿ. ಕೋಟಿಗೆ ಒಳ್ಳೇದೇ ಆಯ್ತು." ನಗಿಸಲು ನೋಡಿದಳು. ಆಮೇಲೆ ದನಿ ತಗ್ಗಿಸಿ, "ಗಂಟು ಬಿಗಿದದ್ದು ನಾನು. ನಿಮಗೆ ಅದು ಸಾಕಿತ್ತು ಆವಾಗೆಲ್ಲ. ಸಾಕಿತ್ತಲ್ವಾ?" ಎಂದು ಕೇಳಿದಳು. ಕೇಳುತ್ತಲೇ ಬಟ್ಟಲಿಗೆ ಸಾರು ಬಡಿಸಿದಳು.

ಹೀಗೆ ಒಬ್ಬೊಬ್ಬರೂ ಅವಳ ತಪ್ಪಿನ ಒಂದೊಂದು ತುಂಡನ್ನು ಎತ್ತಿಕೊಂಡು ಹೋಗುತ್ತಿದ್ದರು. ಅವಳಿಗೆಂದು ಏನನ್ನೂ ಉಳಿಸುತ್ತಿರಲಿಲ್ಲ. ಇದಕ್ಕಿಂತ ಕೆನ್ನೆಗೆ ಒಂದು ಬಿಟ್ಟಿದ್ದರೆ ನಿದ್ದೆ ಬರುತ್ತಿತ್ತೇನೋ.

ಸಾರು ಮುಟ್ಟದೆ ಎದ್ದಳು. ದೋಣಿಮನೆಗೆ ಹೋಗಿ ಬಾಗಿಲ ಪಕ್ಕದ ಗೂಟಗಳಿಂದ ತನ್ನ ಕಯಾಕನ್ನು ಇಳಿಸಿದಳು. ಹೊಸಬರ ಕೋಟುಗಳಲ್ಲಿ ಒಂದನ್ನು ತೊಟ್ಟಳು. ಕೆಂಪು ಕುಣಿಕೆಯನ್ನು ತಾನೇ ಎರಡು ಸಲ ಜಗ್ಗಿ ನೋಡಿದಳು. ಎನೋಕ್ ದೋಣಿಮನೆಯ ಹಿಂದೆ ಕಲ್ಲಿನ ಮೇಲೆ ಕೂತು ಬಲೆ ಹೆಣೆಯುತ್ತಿದ್ದ. ಅವಳನ್ನು ಕಂಡೂ ತಲೆ ಎತ್ತಲಿಲ್ಲ. ಮುಖ ತೋರಿಸಲು ನಾಚುತ್ತಿದ್ದವನು ಅವನು. ತನ್ನ ಎದುರು ಆ ಮುದುಕ ನಾಚುವುದನ್ನು ಅವಳಿಗೆ ನೋಡಲಾಗಲಿಲ್ಲ.

"ತಮ್ಮಾ," ಅಂದಳು. "ಸ್ವಲ್ಪ ನೀರಿಗೆ ಬಾ."

ಅಣ್ಣ ಕರೆದರೆ ಅವನು ಬಾರದೆ ಇದ್ದದ್ದೇ ಇಲ್ಲ. ಬಲೆ ಕೆಳಗಿಟ್ಟು ಎದ್ದ. ಉದ್ದ ಬೂಟು ಹಾಕಿಕೊಂಡು ಹಿಂದೆಯೇ ಬಂದ. ಬೊಲೆಟೆಯೂ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸುತ್ತ ಬಂದು ಬಂಡೆಯ ಮೇಲೆ ನಿಂತಳು. ಬಿಸಿಲು ಇನ್ನೂ ನೀರಿನ ಮೇಲಿತ್ತು. ಉಲ್ಲೋರಿಯಾಕ್ ಕಯಾಕಿನಲ್ಲಿ ಕೂತು ಅಂಚನ್ನು ಬಳೆಗೆ ಸೇರಿಸಿದಳು. ಎನೋಕ್ ಅವಳನ್ನು ತಳ್ಳಿಕೊಂಡು ಸೊಂಟದವರೆಗಿನ ನೀರಿಗೆ ಬಂದು ನಿಂತ, ಎಲ್ಲಿಗೆ ಹೋಗಬೇಕೆಂದು ಅಣ್ಣ ಹೇಳಲಿ ಎಂದು ಕಾಯುವವನಂತೆ.

"ನಿಮ್ಮಣ್ಣನಿಗೆ ನೀರು ಗೊತ್ತಿತ್ತು," ಅಂದಳು ಅವಳು. "ನನಗೆ ಗೊತ್ತಿಲ್ಲ. ಮೊದಲನೇ ದಿನದಿಂದಾನೇ ಗೊತ್ತಿರ್ಲಿಲ್ಲ. ನೀವು ಬೇಡ ಅಂದಾಗ ನನಗೆ ಖುಷಿಯಾಗಿತ್ತು. ಕೋಟಿಗೆ ಕುಣಿಕೆ ಇಲ್ಲ ಅನ್ನೋದನ್ನೂ ನೋಡಿದ್ದೆ. ನೋಡಿ ಸುಮ್ಮನಿದ್ದೆ."

ಹುಟ್ಟಿದಂದಿನಿಂದ ಅವನಿಗೆ ಅವಳು ನೀವು ಅಂದದ್ದಿಲ್ಲ. ಬಂಡೆಯ ಮೇಲೆ ಬೊಲೆಟೆಯ ಕೈ ಬಾಯಿಗೆ ಹೋಯಿತು. ಎನೋಕ್ ದೋಣಿಯ ಅಂಚನ್ನು ಹಿಡಿದೇ ಇದ್ದ. ಅವನ ನೋಟ ಅವಳ ಮುಖದ ಮೇಲಿರಲಿಲ್ಲ. ದೋಣಿಮನೆಯ ತೆರೆದ ಬಾಗಿಲಿನತ್ತ, ಮತ್ತೆ ಖಾಲಿಯಾದ ಆ ಗೂಟಗಳತ್ತ ಇತ್ತು.

ಉಲ್ಲೋರಿಯಾಕ್ ಹುಟ್ಟನ್ನು ಎದೆಗೆ ಒತ್ತಿಕೊಂಡು ಉಸಿರು ತುಂಬಿಕೊಂಡಳು.

"ಅಜ್ಜಾ," ಅಂದಳು. "ನನ್ನನ್ನ ಮಗುಚಿ."